ಆರು ದಿನ ಸುಮ್ಮನಿದ್ದ ಗುಲ್ಮ: ಅಡಿಕೆ ಮರದಿಂದ ಜಾರಿದ ಒಬ್ಬರ ಪ್ರಕರಣ

ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಮಳೆ ಹೊಯ್ಯುತ್ತಿತ್ತು. ಆ್ಯಂಬುಲೆನ್ಸಿನಿಂದ ಇಳಿಸಿದ ನಲವತ್ತರ ಆಸುಪಾಸಿನ ಗಂಡಸು ಸ್ಟ್ರೆಚರ್ ಮೇಲೆ ಮಲಗಿ ಒಂದೇ ಮಾತು ಹೇಳುತ್ತಿದ್ದರು: "ನೀರು ಕೊಡಿ, ಒಂದು ಗುಟುಕು ನೀರು ಕೊಡಿ." ಹಣೆ ಒದ್ದೆ, ಅಂಗೈ ತಣ್ಣಗೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಕೆಂಪೇ ಇಲ್ಲ. ನಾಡಿ ನಿಮಿಷಕ್ಕೆ 132, ರಕ್ತದೊತ್ತಡ 80/50.

"ಬೆಳಿಗ್ಗೆ ಗಂಜಿ ಉಂಡು ಚೆನ್ನಾಗೇ ಇದ್ರು ಡಾಕ್ಟ್ರೇ" ಎಂದರು ಜೊತೆಗೆ ಬಂದಿದ್ದ ಹೆಂಡತಿ. "ಹುಲ್ಲಿನ ಹೊರೆ ಕೊಟ್ಟಿಗೆಗೆ ಹಾಕಿ ಬಂದ್ರು, ಕಣ್ಣು ಕತ್ತಲೆ ಬರ್ತದೆ ಅಂತ ಜಗಲಿ ಮೇಲೆ ಕೂತ್ರು, ಕೂತಲ್ಲೇ ಬಿದ್ರು." ಎಲ್ಲಾದರೂ ಪೆಟ್ಟು ಬಿದ್ದಿತ್ತಾ ಎಂದು ಕೇಳಿದೆ. ಇಲ್ಲ ಎಂದರು. ಸ್ವಲ್ಪ ತಡೆದು ಅವರೇ ಹೇಳಿದರು: "ಹೋದ ವಾರ ಅಡಿಕೆ ಮರದಿಂದ ಜಾರಿದ್ರು. ಅದು ವಾಸಿ ಆಗಿತ್ತಲ್ಲ."

ವಾಸಿ ಆಗಿರಲಿಲ್ಲ. ಬಿದ್ದ ದಿನವೇ ಹೊಟ್ಟೆಯೊಳಗೆ ಗುಲ್ಮ, ಅಂದರೆ ಎಡಪಕ್ಕೆಯ ಹಿಂದಿರುವ ಸ್ಪ್ಲೀನ್ ಎಂಬ ಅಂಗ, ಬಿರಿದಿತ್ತು. ಆರು ದಿನ ಅದು ಸುಮ್ಮನಿತ್ತು. ಆ ಆರು ದಿನಗಳ ಬಗ್ಗೆ ಬರೆಯಬೇಕೆಂದು ನನಗೆ ಬಹಳ ದಿನದಿಂದ ಇತ್ತು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಗುರುತು ಹತ್ತುವಂಥ ವಿವರ ಯಾವುದನ್ನೂ ಹಾಕಿಲ್ಲ.

ಬಿದ್ದದ್ದು ಹೀಗೆ

ನಾನಿರುವುದು ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕು ಊರಿನಲ್ಲಿ. ಇವರು ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತಿ ಕೊನೆ (ಅಡಿಕೆಯ ಗೊನೆ) ಇಳಿಸುವ ಕಸುಬಿನವರು. ಮಳೆಗಾಲದಲ್ಲಿ ಕೊನೆ ಇಳಿಸುವ ಕೆಲಸ ಇರುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು, ಮಳೆ ತಾಗದಂತೆ ಅಡಿಕೆ ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುವುದು ಇರುತ್ತದೆ. ಮಳೆ ಒಂದೆರಡು ತಾಸು ಹೊಳವಾದರೆ ಅಷ್ಟರಲ್ಲೇ ಮರ ಹತ್ತಬೇಕು. ಮರದ ಮೈಗೆಲ್ಲ ಪಾಚಿ, ಹಸಿ. ಎಷ್ಟು ಪಳಗಿದ ಕಾಲಾದರೂ ಜಾರುವುದು ಇದೇ ತಿಂಗಳುಗಳಲ್ಲಿ.

ಇವರು ಮೇಲಿಂದ ಬಿದ್ದವರಲ್ಲ. ಔಷಧಿ ಹೊಡೆದು ಇಳಿಯುವಾಗ, ಇನ್ನು ಹತ್ತು ಹನ್ನೆರಡು ಅಡಿ ಇದೆ ಎನ್ನುವಾಗ ಕಾಲು ಜಾರಿತು. ಬಿದ್ದದ್ದು ಕಾದಿಗೆಯ ಅಂಚಿಗೆ. ತೋಟದ ನೀರು ಬಸಿಯುವ ಆ ಕಾಲುವೆಯ ಅಂಚಿಗೆ ಕಲ್ಲು ಕಟ್ಟಿತ್ತು. ಎಡಪಕ್ಕೆ ಕಲ್ಲಿಗೆ ಹೊಡೆಯಿತು. "ಉಸಿರು ಸಿಕ್ಕಿಹಾಕ್ಕೊಂಡಂಗಾಯ್ತು, ಐದು ನಿಮಿಷ ಏಳೋಕಾಗ್ಲಿಲ್ಲ" ಎಂದು ಆಮೇಲೆ ವಾರ್ಡಿನಲ್ಲಿ ಹೇಳಿದರು. ಎದ್ದರು, ಚಾ ಕುಡಿದರು, ಮತ್ತೆರಡು ಮರವನ್ನೂ ಹತ್ತಿದರು. ಸಂಜೆ ನಡೆದೇ ಮನೆಗೆ ಹೋದರು.

ಮರುದಿನ ಒಂದು ಕ್ಲಿನಿಕ್ಕಿನಲ್ಲಿ ತೋರಿಸಿದರು. ಎಕ್ಸ್‌ರೇ ತೆಗೆದರು, ಮೂಳೆ ಮುರಿದಿಲ್ಲ ಎಂದರು, ಸೊಂಟಕ್ಕೊಂದು ಇಂಜೆಕ್ಷನ್, ಐದು ದಿನಕ್ಕೆ ನೋವಿನ ಮಾತ್ರೆ. ಹೊಟ್ಟೆಯ ಸ್ಕ್ಯಾನಿಂಗ್ ಆಗಲಿಲ್ಲ. ಆ ಕ್ಲಿನಿಕ್ಕಿನವರನ್ನು ನಾನು ದೂರುವುದಿಲ್ಲ. ನಡೆದುಕೊಂಡು ಬಂದು, ಪಕ್ಕೆ ಮುಟ್ಟಿ ತೋರಿಸಿ, "ಇಲ್ಲಿ ನೋವು, ಕೆಲಸಕ್ಕೆ ಹೋಗ್ಬೇಕು, ಬೇಗ ಏನಾದ್ರೂ ಕೊಡಿ" ಎನ್ನುವ ಮನುಷ್ಯನ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆ ಎಂದು ಅನ್ನಿಸುವುದು ಸುಲಭವಲ್ಲ. ಆದರೆ ಒಂದು ಮಾತು ಗೊತ್ತಿರಬೇಕು. ಎಡಗಡೆಯ 9, 10, 11ನೇ ಪಕ್ಕೆಲುಬುಗಳ ಹಿಂದೆಯೇ ಗುಲ್ಮ ಕೂತಿರುತ್ತದೆ. ಅಲ್ಲಿಗೆ ಜೋರು ಪೆಟ್ಟು ಬಿದ್ದಿದೆ ಎಂದರೆ ಮೂಳೆ ಸರಿಯಿದೆಯೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ.

ಎಣ್ಣೆ ತಿಕ್ಕಿದ ಭುಜ

ಈ ಪ್ರಕರಣದಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಪಕ್ಕೆ ನೋವಲ್ಲ, ಭುಜದ ನೋವು.

ಬಿದ್ದ ಮೂರನೇ ರಾತ್ರಿಯಿಂದ ಎಡಭುಜ ಸಿಡಿಯಲು ಶುರುವಾಯಿತಂತೆ. ಮಲಗಿದರೆ ಜಾಸ್ತಿ, ಎದ್ದು ಕೂತರೆ ಕಡಿಮೆ. ಬೀಳುವಾಗ ಭುಜಕ್ಕೂ ಪೆಟ್ಟಾಗಿರಬೇಕು ಎಂದುಕೊಂಡು ಹೆಂಡತಿ ದಿನಾ ರಾತ್ರಿ ನೀಲಗಿರಿ ಎಣ್ಣೆ ಹಾಕಿ ತಿಕ್ಕಿದ್ದಾರೆ, ಬಿಸಿನೀರಿನ ಶಾಖ ಕೊಟ್ಟಿದ್ದಾರೆ. ಆಪರೇಷನ್ ಆದ ಮೇಲೆ ನಾನು ಇದನ್ನು ವಿವರಿಸಿದಾಗ ಆಕೆ ತನ್ನ ಕೈಗಳನ್ನೇ ನೋಡಿಕೊಂಡು, "ನಾ ತಿಕ್ಕಿದ್ದು ತಪ್ಪಾಯ್ತಾ ಡಾಕ್ಟ್ರೇ?" ಎಂದು ಕೇಳಿದರು. ಭುಜ ತಿಕ್ಕಿದ್ದರಿಂದ ಏನೂ ಕೆಟ್ಟದ್ದಾಗಲಿಲ್ಲ ಎಂದೆ. ಅದು ನಿಜವೇ. ನೋವು ಭುಜದ್ದಾಗಿರಲೇ ಇಲ್ಲ.

ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪರದೆ ಇದೆ. ಗುಲ್ಮ ಇರುವುದು ಅದರ ಎಡಭಾಗದ ಕೆಳಗೆ. ಗುಲ್ಮದಿಂದ ಸೋರಿದ ರಕ್ತ ವಪೆಗೆ ತಾಗಿದರೆ ವಪೆ ಉರಿಯುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯ ಮಟ್ಟದ ಬೆನ್ನುಹುರಿಯಿಂದ. ಭುಜದ ಮೇಲಿನ ಚರ್ಮದ ಸುದ್ದಿಯೂ ಮಿದುಳಿಗೆ ಹೋಗುವುದು ಅದೇ ಬಾಗಿಲಿನಿಂದ. ಹಾಗಾಗಿ ಕೆಳಗಿನ ನೋವನ್ನು ಮಿದುಳು ಭುಜದ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ಮಲಗಿದಾಗ ರಕ್ತ ಮೇಲಕ್ಕೆ ಹರಿದು ವಪೆಗೆ ಹೆಚ್ಚು ತಾಗುತ್ತದೆ, ಅದಕ್ಕೇ ರಾತ್ರಿ ನೋವು ಹೆಚ್ಚು. ಜರ್ಮನಿಯ ಹಾನ್ಸ್ ಕೇರ್ ಎಂಬ ಶಸ್ತ್ರವೈದ್ಯನ ಹೆಸರಿನಲ್ಲಿ ಇದನ್ನು ಕೇರ್ ಚಿಹ್ನೆ ಎನ್ನುತ್ತಾರೆ. ಹೆಸರು ನೆನಪಿರಬೇಕಿಲ್ಲ. ತೋಳನ್ನು ಮೇಲಕ್ಕೆ, ಹಿಂದಕ್ಕೆ ಆಡಿಸಿದರೆ ಆರಾಮಾಗಿ ಆಡುತ್ತದೆ, ಮುಟ್ಟಿದರೆ ನೋಯುವುದಿಲ್ಲ, ಆದರೂ ಎಡಭುಜದ ತುದಿ ಸಿಡಿಯುತ್ತದೆ, ಈಚೆಗೆ ಹೊಟ್ಟೆಗೋ ಪಕ್ಕೆಗೋ ಪೆಟ್ಟು ಬಿದ್ದಿದೆ: ಇಷ್ಟು ಕೂಡಿದರೆ ಅವತ್ತೇ ಸ್ಕ್ಯಾನಿಂಗ್ ಆಗಬೇಕು.

ಇನ್ನೊಂದು ಸುಳಿವೂ ಇತ್ತು. ನಾಲ್ಕನೇ ದಿನದಿಂದ ಎರಡು ತುತ್ತು ಉಂಡರೆ ಹೊಟ್ಟೆ ತುಂಬಿದ ಹಾಗಾಗುತ್ತಿತ್ತಂತೆ. ಗುಲ್ಮದ ಸುತ್ತ ಹೆಪ್ಪುಗಟ್ಟಿದ ರಕ್ತ ಪಕ್ಕದ ಜಠರವನ್ನು ಒತ್ತುತ್ತಿತ್ತು. ನೋವಿನ ಮಾತ್ರೆಗೆ ಗ್ಯಾಸ್ಟ್ರಿಕ್ ಆಗಿದೆ ಎಂದು ಜೀರಿಗೆ ಕಷಾಯ ಕುಡಿದಿದ್ದಾರೆ.

ಈ ಅಂಗ ಯಾವುದು, ಯಾಕೆ ಒಡೆಯುತ್ತದೆ

ಶಾಲೆಯ ಪುಸ್ತಕಗಳಲ್ಲಿ ಸ್ಪ್ಲೀನ್‌ಗೆ ಗುಲ್ಮ ಎಂಬ ಹೆಸರು. ಆಯುರ್ವೇದದವರು ಇದನ್ನು ಪ್ಲೀಹ ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಗುಲ್ಮ ಎಂದರೆ ಹೊಟ್ಟೆಯ ಗಡ್ಡೆ. ಹಳೆಯ ರೋಗಿಗಳ ಜೊತೆ ಮಾತಾಡುವಾಗ ಈ ಎರಡು ಹೆಸರು ಕಲಸಿಹೋಗಿ ಗೊಂದಲವಾಗುವುದುಂಟು. ಸುಮಾರು 150 ಗ್ರಾಂ ತೂಕದ, ಮುಷ್ಟಿ ಗಾತ್ರದ, ನೇರಳೆ ಬಣ್ಣದ ಅಂಗ. ನೂರಿಪ್ಪತ್ತು ದಿನ ದುಡಿದು ಹಳತಾದ ಕೆಂಪು ರಕ್ತಕಣಗಳನ್ನು ಸೋಸಿ ತೆಗೆಯುತ್ತದೆ. ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ರಕ್ತದಲ್ಲೇ ಹಿಡಿದು ಮುಗಿಸುತ್ತದೆ. ಗಾತ್ರಕ್ಕೆ ಹೋಲಿಸಿದರೆ ಇದಕ್ಕೆ ಹರಿಯುವ ರಕ್ತ ಬಹಳ. ಹೃದಯ ನೂಕುವ ರಕ್ತದಲ್ಲಿ ಸುಮಾರು ಶೇ. 5ರಷ್ಟು ಇದೊಂದರ ಮೂಲಕ ಹಾಯುತ್ತದೆ. ಒಳಗೆ ರಕ್ತ ನೆಂದ ಸ್ಪಂಜಿನಂಥ ತಿರುಳು, ಹೊರಗೆ ತೆಳ್ಳಗಿನ ಪೊರೆ. ಪೊರೆ ಹರಿದರೆ ತಾನಾಗಿ ಬಿಗಿದುಕೊಂಡು ರಕ್ತ ನಿಲ್ಲಿಸಿಕೊಳ್ಳಲು ಅದರಲ್ಲಿ ಗಟ್ಟಿ ಸ್ನಾಯು ಇಲ್ಲ.

ಒಡೆಯಲು ಮುಖ್ಯ ಕಾರಣ ಪೆಟ್ಟು. ನಮ್ಮ ಆಸ್ಪತ್ರೆಗೆ ಬರುವವರಲ್ಲಿ ಬೈಕ್ ಅಪಘಾತದವರೇ ಹೆಚ್ಚು. ಆಮೇಲೆ ಮರದಿಂದ ಬಿದ್ದವರು, ಎಮ್ಮೆ ಹಾಯ್ದವರು. ಮಕ್ಕಳಲ್ಲಿ ಸೈಕಲ್ ಹ್ಯಾಂಡಲ್ಲಿನ ತುದಿ ಹೊಟ್ಟೆಗೆ ಚುಚ್ಚಿದ್ದು. ಹೊರಗಿನ ಚರ್ಮದ ಮೇಲೆ ಒಂದು ಗೀರೂ ಇರುವುದಿಲ್ಲ.

ಕಾಯಿಲೆಯಿಂದ ಊದಿಕೊಂಡ ಗುಲ್ಮವಾದರೆ ಸಣ್ಣ ಪೆಟ್ಟೂ ಸಾಕು, ಕೆಲವೊಮ್ಮೆ ಪೆಟ್ಟೇ ಬೇಕಿಲ್ಲ. ಮಲೇರಿಯಾ, ಟೈಫಾಯ್ಡ್, ಡೆಂಗಿ, ಹರೆಯದವರಿಗೆ ಬರುವ ಎಪ್‌ಸ್ಟೈನ್-ಬಾರ್ ವೈರಸ್ಸಿನ ಗಂಟಲು ಜ್ವರ, ರಕ್ತದ ಕ್ಯಾನ್ಸರ್, ಇವುಗಳಲ್ಲಿ ಗುಲ್ಮ ತಾನಾಗಿ ಒಡೆದದ್ದು ದಾಖಲಾಗಿದೆ. ಮಂಗಳೂರು ಕಡೆ ಮಲೇರಿಯಾ ನೋಡುವ ವೈದ್ಯರು ಇದನ್ನು ಸದಾ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ.

ಮಲೇರಿಯಾದ ಈ ಮೆದು ಗುಲ್ಮಕ್ಕೆ ನಮ್ಮ ದೇಶದಲ್ಲಿ ಒಂದು ಕಹಿ ಚರಿತ್ರೆಯೂ ಇದೆ. 1870ರ ದಶಕದಲ್ಲಿ ಆಗ್ರಾದಲ್ಲಿ ಫುಲ್ಲರ್ ಎಂಬ ಇಂಗ್ಲಿಷ್ ವಕೀಲ ಚರ್ಚಿಗೆ ಹೊರಟಾಗ, ಗಾಡಿ ಬಾಗಿಲಿಗೆ ಬಂದ ಹೊತ್ತಿಗೆ ಅಲ್ಲಿ ಇರಲಿಲ್ಲವೆಂದು ಕಟ್ವಾರು ಎಂಬ ಕುದುರೆ ಆಳಿಗೆ ಹೊಡೆದ. ಆಳು ಸ್ವಲ್ಪ ಹೊತ್ತಿನಲ್ಲೇ ಸತ್ತ. ಗುಲ್ಮ ಒಡೆದಿತ್ತು. ಮ್ಯಾಜಿಸ್ಟ್ರೇಟ್ ಹಾಕಿದ್ದು 30 ರೂಪಾಯಿ ದಂಡ. 1876ರಲ್ಲಿ ವೈಸ್‌ರಾಯ್ ಲಿಟ್ಟನ್ ಇದನ್ನು ಬಹಿರಂಗವಾಗಿ ಖಂಡಿಸಬೇಕಾಯಿತು. "ಅವನ ಗುಲ್ಮ ಮೊದಲೇ ಕೆಟ್ಟಿತ್ತು" ಎಂಬ ಮಾತು ಆ ಕಾಲದಲ್ಲಿ ಹೊಡೆದವರಿಗೆ ರಕ್ಷಣೆಯಾಗಿ ಮತ್ತೆ ಮತ್ತೆ ಬಂದಿದೆ. ಸತ್ತವನ ಕಾಯಿಲೆಯನ್ನೇ ಕೊಂದವನ ಪರವಾಗಿ ಸಾಕ್ಷಿಗೆ ನಿಲ್ಲಿಸಿದ್ದರು. ಪಾಠ ಮಾಡುವಾಗ ಈ ಸಂಗತಿಯನ್ನು ನಾನು ಬಿಡದೆ ಹೇಳುತ್ತೇನೆ.

ನಮ್ಮ ಕೊನೆಗೌಡರ ಗುಲ್ಮದಲ್ಲಿ ಯಾವ ಕಾಯಿಲೆಯೂ ಇರಲಿಲ್ಲ. ಅವರದು ತಡವಾಗಿ ಒಡೆದದ್ದು. ಮೊದಲ ಪೆಟ್ಟಿಗೆ ತಿರುಳು ಬಿರಿಯುತ್ತದೆ, ಪೊರೆ ಹಾಗೇ ಉಳಿಯುತ್ತದೆ. ರಕ್ತ ಪೊರೆಯ ಒಳಗೇ ಸೇರಿ ಹೆಪ್ಪುಗಟ್ಟುತ್ತದೆ. ಹೆಪ್ಪು ದಿನೇ ದಿನೇ ದೊಡ್ಡದಾಗುತ್ತ, ಪೊರೆ ಹಿಗ್ಗುತ್ತ ಹೋಗಿ, ಒಂದು ದಿನ ಹೊರೆ ಎತ್ತಿದಾಗಲೋ ಜೋರಾಗಿ ಕೆಮ್ಮಿದಾಗಲೋ ಮಲಕ್ಕೆ ಮುಕ್ಕಿದಾಗಲೋ ಹರಿಯುತ್ತದೆ. ಪೆಟ್ಟು ಬಿದ್ದು 48 ತಾಸು ಕಳೆದ ಮೇಲೆ ಹೀಗಾದರೆ ಅದನ್ನು ತಡವಾದ ಒಡೆತ ಎನ್ನುವುದು ವಾಡಿಕೆ. ಬಹುಪಾಲು ಎರಡು ವಾರದೊಳಗೆ ಆಗುತ್ತದೆ. ಇವರಿಗೆ ಅದು ಹುಲ್ಲಿನ ಹೊರೆ ಇಳಿಸಿದ ಹೊತ್ತಿಗೆ ಆಯಿತು.

ಆ ಮಧ್ಯಾಹ್ನ

ಎರಡೂ ಕೈಗೆ ದಪ್ಪ ಸೂಜಿ, ಆಮ್ಲಜನಕ, ರಕ್ತದ ಗುಂಪು ನೋಡಲು ಸ್ಯಾಂಪಲ್. ಜೊತೆಜೊತೆಗೇ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಪ್ರೋಬ್. ಪೆಟ್ಟು ಬಿದ್ದವರಿಗೆ ಮಾಡುವ ಈ ತುರ್ತು ಸ್ಕ್ಯಾನ್‌ನಲ್ಲಿ ನೋಡುವುದು ನಾಲ್ಕೇ ಜಾಗ: ಪಿತ್ತಕೋಶದ ಕಡೆ ಯಕೃತ್ತು–ಮೂತ್ರಪಿಂಡದ ನಡುವೆ, ಎಡಗಡೆ ಗುಲ್ಮದ ಸುತ್ತ, ಕೆಳಗೆ ಮೂತ್ರಕೋಶದ ಹಿಂದೆ, ಮೇಲೆ ಹೃದಯದ ಸುತ್ತ. ಎರಡು ನಿಮಿಷದ ಕೆಲಸ. ಹೃದಯದ ಸುತ್ತ ಏನೂ ಇರಲಿಲ್ಲ. ಹೊಟ್ಟೆಯ ಮೂರೂ ಕಡೆ ಕಪ್ಪು. ಹರಿದಾಡುವ ರಕ್ತ ಸ್ಕ್ಯಾನ್‌ನಲ್ಲಿ ಕಪ್ಪಗೇ ಕಾಣುವುದು.

ಹಿಮೋಗ್ಲೋಬಿನ್ 6.4 ಬಂತು. ಇಲ್ಲಿ ಒಂದು ಮಾತು. ಈಗಷ್ಟೇ ರಕ್ತ ಹೋಗುತ್ತಿರುವವರಲ್ಲಿ ಹಿಮೋಗ್ಲೋಬಿನ್ ಮೊದಲಿಗೆ ಇಳಿಯುವುದಿಲ್ಲ. ಕಣವೂ ನೀರೂ ಒಟ್ಟಿಗೇ ಹೋಗುವುದರಿಂದ ಸಾಂದ್ರತೆ ಹಾಗೇ ಇರುತ್ತದೆ. 14 ಇದೆ ಎಂದು ನಿಶ್ಚಿಂತೆಯಾಗಿ ಕೂತು ರೋಗಿಯನ್ನು ಕಳೆದುಕೊಂಡ ಪ್ರಸಂಗಗಳು ಎಲ್ಲ ಕಡೆಯೂ ಇವೆ. ಇವರಲ್ಲಿ ಬಂದ ತಕ್ಷಣವೇ 6.4 ಎಂದರೆ ರಕ್ತ ದಿನಗಳಿಂದ ಜಿನುಗುತ್ತಿತ್ತು ಎಂದರ್ಥ.

ಸಲೈನ್ ಒಂದು ಲೀಟರ್ ಹೋಗುವಷ್ಟರಲ್ಲಿ ಒತ್ತಡ 100ಕ್ಕೆ ಏರಿತು, ಹತ್ತು ನಿಮಿಷದಲ್ಲಿ ಮತ್ತೆ 84ಕ್ಕೆ ಇಳಿಯಿತು. ಏರಿ ಇಳಿಯುವ ಈ ಒತ್ತಡವೇ ತೀರ್ಮಾನ ಹೇಳುತ್ತದೆ: ಒಳಗೆ ಇನ್ನೂ ಸೋರುತ್ತಿದೆ. ಇಂಥವರನ್ನು ಸಿ.ಟಿ. ಕೋಣೆಗೆ ಕಳಿಸಬಾರದು. ಸಲೈನ್ ಮೇಲೆ ಸಲೈನ್ ಸುರಿಯಲೂಬಾರದು. ರಕ್ತ ತೆಳುವಾಗಿ, ದೇಹ ತಣ್ಣಗಾಗಿ, ಹೆಪ್ಪುಗಟ್ಟುವ ಶಕ್ತಿಯೇ ಹೋಗುತ್ತದೆ. ಬೇಕಾದದ್ದು ರಕ್ತ. ನಮ್ಮ ಶೇಖರಣಾ ಘಟಕದಲ್ಲಿ ಅವರ ಗುಂಪಿನದು ಎರಡು ಬಾಟಲಿ ಇತ್ತು. ಇನ್ನೆರಡಕ್ಕೆ ರಕ್ತನಿಧಿಗೆ ಜೀಪು ಓಡಿತು. ಅದರಲ್ಲಿ ಹೋದವರು ತೋಟದ ಯಜಮಾನರ ಮಗ ಮತ್ತು ಅಕ್ಕಪಕ್ಕದ ಮನೆಯ ಮೂವರು ಹುಡುಗರು. ಕಟ್ಟಿದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಔಷಧಿ 1 ಗ್ರಾಂ ಕೊಟ್ಟೆವು. ಪೆಟ್ಟಾದ ಮೂರು ತಾಸಿನೊಳಗೆ ಕೊಟ್ಟರೆ ಮಾತ್ರ ಅದರಿಂದ ಲಾಭ ಎಂದು 2010ರ ದೊಡ್ಡ ಅಧ್ಯಯನದ ಮುಂದಿನ ವಿಶ್ಲೇಷಣೆ 2011ರಲ್ಲಿ ತೋರಿಸಿತು. ಪೆಟ್ಟಾಗಿ ಆರು ದಿನ. ಆದರೆ ಪೊರೆ ಹರಿದು ಎರಡೇ ತಾಸು. ನಾನು ಎರಡು ತಾಸಿನ ಲೆಕ್ಕ ಹಿಡಿದೆ.

ಹುಬ್ಬಳ್ಳಿಗೆ ಕಳಿಸಬಾರದೇ ಎಂದು ಜೊತೆಗಿದ್ದವರೊಬ್ಬರು ಕೇಳಿದರು. ನೂರು ಕಿಲೋಮೀಟರಿನ ದಾರಿ, ಅದೂ ಮಳೆಯಲ್ಲಿ. ದಾರಿಯಲ್ಲೇ ಹೋಗುತ್ತಾರೆ ಎಂದು ನೇರವಾಗಿಯೇ ಹೇಳಿದೆ. ಉತ್ತರ ಕನ್ನಡದಲ್ಲಿ ಒಂದು ಸುಸಜ್ಜಿತ ತುರ್ತು ಚಿಕಿತ್ಸೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಜಿಲ್ಲೆಯ ಜನ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ಮಾಡಿದರು, 2022ರಲ್ಲಿ ಮತ್ತೆ ಎದ್ದರು. ಆ ಕೂಗು ಎಲ್ಲಿಂದ ಬಂತೆಂದು ಇಂಥ ಮಧ್ಯಾಹ್ನಗಳಲ್ಲಿ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಎರಡು ಬಣ್ಣದ ರಕ್ತ

ಹೊಟ್ಟೆ ತೆರೆಯುವ ಕ್ಷಣ ಅರಿವಳಿಕೆ ವೈದ್ಯರಿಗೆ ಅತಿ ಕಷ್ಟದ್ದು. ತುಂಬಿ ಬಿಗಿದ ಹೊಟ್ಟೆ ತನ್ನ ಒತ್ತಡದಿಂದಲೇ ಸೋರಿಕೆಯನ್ನು ಅಷ್ಟಿಷ್ಟು ತಡೆದಿರುತ್ತದೆ. ಕೊಯ್ದ ಕೂಡಲೇ ಆ ತಡೆ ಹೋಗಿ ರಕ್ತದೊತ್ತಡ ಕುಸಿಯುತ್ತದೆ. ರಕ್ತದ ಮೊದಲ ಬಾಟಲಿ ಹರಿಯತೊಡಗಿದ ಮೇಲೆಯೇ ಅವರು "ಹೂಂ, ಶುರುಮಾಡಿ" ಎಂದರು.

ಎರಡು ಲೀಟರಿಗೂ ಹೆಚ್ಚು ರಕ್ತ ಇತ್ತು. ನಾಲ್ಕೂ ಮೂಲೆಗೆ ಬಟ್ಟೆಯ ಪ್ಯಾಡ್ ತುರುಕಿ ಒತ್ತಿ, ಎಡಗೈಯನ್ನು ಗುಲ್ಮದ ಹಿಂದಕ್ಕೆ ಸರಿಸಿ, ಅದನ್ನು ಹಿಡಿದಿದ್ದ ಪದರಗಳನ್ನು ಬಿಡಿಸಿ ನಡುವಿಗೆ ತಂದೆವು. ಆಗ ಕಂಡದ್ದನ್ನು ನಾನು ಮರೆತಿಲ್ಲ. ಗುಲ್ಮದ ಹೊರಮೈ ಅರ್ಧಕ್ಕಿಂತ ಹೆಚ್ಚು ಪೊರೆ ಸುಲಿದುಕೊಂಡು ಜೋತಾಡುತ್ತಿತ್ತು. ಪೊರೆಯ ಒಳಮೈಗೆ ಅಂಟಿದ್ದು ಜೋನಿಬೆಲ್ಲದ ಬಣ್ಣದ, ಗಟ್ಟಿಯಾದ ಹಳೆಯ ಹೆಪ್ಪು. ಅದರ ಮೇಲೆ, ಹರಿದ ಅಂಚಿನಿಂದ ಬರುತ್ತಿದ್ದುದು ಕೆಂಪಗಿನ ಹೊಸ ರಕ್ತ. ಕಾದಿಗೆಯ ಕಲ್ಲಿಗೆ ಹೊಡೆದ ದಿನದ್ದು ಒಂದು, ಹುಲ್ಲಿನ ಹೊರೆಯ ದಿನದ್ದು ಇನ್ನೊಂದು. ನಡುವಿನ ಆರು ದಿನ ಅಲ್ಲೇ ಪದರ ಪದರವಾಗಿ ಕೂತಿತ್ತು.

ಬಿರುಕು ಗುಲ್ಮದ ನಾಭಿಯ ತನಕ, ರಕ್ತನಾಳಗಳು ಒಳಹೊಗುವ ಜಾಗದ ತನಕ ಹೋಗಿತ್ತು. ಹೊಲಿದೋ ಬಲೆ ಸುತ್ತಿಯೋ ಉಳಿಸುವ ಹಂತ ಅಲ್ಲ, ರೋಗಿಯಲ್ಲಿ ಅಷ್ಟು ಹೊತ್ತು ತಡೆಯುವ ಶಕ್ತಿಯೂ ಇರಲಿಲ್ಲ. ತೆಗೆದೆವು. ಇಲ್ಲಿ ಕೈ ಆತುರಪಟ್ಟರೆ ಎರಡು ತಪ್ಪಾಗುತ್ತವೆ. ಮೇದೋಜ್ಜೀರಕ ಗ್ರಂಥಿಯ ಬಾಲ ಗುಲ್ಮದ ನಾಭಿಗೇ ತಾಗಿಕೊಂಡಿರುತ್ತದೆ. ರಕ್ತನಾಳದ ಜೊತೆ ಅದನ್ನೂ ಕಟ್ಟಿದರೆ ಜೀರ್ಣರಸ ಹೊಟ್ಟೆಯೊಳಗೆ ಸೋರುತ್ತದೆ. ಜಠರದಿಂದ ಗುಲ್ಮಕ್ಕೆ ಹೋಗುವ ಗಿಡ್ಡ ರಕ್ತನಾಳಗಳನ್ನು ಸರಿಯಾಗಿ ಕಟ್ಟದಿದ್ದರೆ ರಾತ್ರಿ ಮತ್ತೆ ರಕ್ತ.

ಒಟ್ಟು ನಾಲ್ಕು ಬಾಟಲಿ ರಕ್ತ ಹೋಯಿತು. ಎರಡನೇ ದಿನ ಎಡ ಶ್ವಾಸಕೋಶದ ಕೆಳಭಾಗ ಮುದುಡಿತ್ತು. ನೋವಿಗೆ ಹೆದರಿ ಅವರು ದೀರ್ಘ ಉಸಿರು ಎಳೆಯುತ್ತಿರಲಿಲ್ಲ. ಮೂರು ಚೆಂಡಿನ ಉಸಿರಿನ ವ್ಯಾಯಾಮದ ಸಾಧನ ಕೊಟ್ಟು, ತಾಸಿಗೆ ಹತ್ತು ಸಲ ಎಳೆಯಿರಿ ಎಂದೆ. ಮೂರನೇ ಚೆಂಡು ಮೇಲೇರಿದ ದಿನ ಅವರ ಮುಖದಲ್ಲಿ ಮೊದಲ ಸಲ ನಗು ಕಂಡಿತು. ಪ್ಲೇಟ್‌ಲೆಟ್ ಹತ್ತನೇ ದಿನಕ್ಕೆ 7.8 ಲಕ್ಷಕ್ಕೆ ಏರಿತು. ಸೋಸುವ ಅಂಗ ಹೋದ ಮೇಲೆ ಹೀಗೆ ಏರುವುದು ಸಹಜ, ಕ್ರಮೇಣ ಇಳಿಯುತ್ತದೆ. ರಕ್ತನಾಳದಲ್ಲಿ ಹೆಪ್ಪುಗಟ್ಟದಂತೆ ನಿಗಾ ಬೇಕು, ಬೇಗ ನಡೆದಾಡಿಸಬೇಕು.

ಮೊದಲ ದಿನವೇ ಬಂದಿದ್ದರೆ

ಈ ಪ್ರಶ್ನೆಯನ್ನು ನಾನು ತಪ್ಪಿಸಲಾರೆ. ಮೊದಲ ದಿನ, ನಾಡಿ–ಒತ್ತಡ ಸರಿಯಿದ್ದಾಗ ಬಂದಿದ್ದರೆ ಔಷಧಿ ಹಾಕಿ ತೆಗೆಯುವ ಸಿ.ಟಿ. ಸ್ಕ್ಯಾನ್ ಮಾಡುತ್ತಿದ್ದೆವು. ಗುಲ್ಮದ ಗಾಯವನ್ನು 1ರಿಂದ 5ರ ತನಕ ದರ್ಜೆ ಮಾಡುತ್ತಾರೆ. 1 ಎಂದರೆ ಸಣ್ಣ ಗೀರು, 5 ಎಂದರೆ ನುಚ್ಚುನೂರು. ಪೊರೆಯಡಿಯ ಹೆಪ್ಪು ಮೇಲ್ಮೈಯ ಅರ್ಧಕ್ಕಿಂತ ಹೆಚ್ಚಿದ್ದರೆ, ಇಲ್ಲವೇ ಬಿರುಕು 3 ಸೆಂ.ಮೀ.ಗಿಂತ ಆಳವಿದ್ದರೆ 3ನೇ ದರ್ಜೆ. ಆದರೆ ಆಪರೇಷನ್ ಬೇಕೋ ಬೇಡವೋ ಎಂದು ಹೇಳುವುದು ದರ್ಜೆಯೊಂದೇ ಅಲ್ಲ. ರಕ್ತದೊತ್ತಡ ನಿಂತಿದೆಯೇ ಎಂಬುದೇ ಮೊದಲು.

ನಿಂತಿದ್ದರೆ ಕಾಯಬಹುದು. ಒಳಗೆ ಚಿಮ್ಮುತ್ತಿರುವ ನಾಳ ಸಿ.ಟಿ.ಯಲ್ಲಿ ಕಂಡರೆ, ಸೌಲಭ್ಯವಿರುವ ಕಡೆ ತೊಡೆಯ ಸಂದಿಯಿಂದಲೋ ಮಣಿಕಟ್ಟಿನಿಂದಲೋ ಸಣ್ಣ ನಳಿಗೆ ತೂರಿಸಿ ಆ ನಾಳವನ್ನು ಮುಚ್ಚುತ್ತಾರೆ. ಗುಲ್ಮ ಉಳಿಯುತ್ತದೆ. ಕಾಯುವುದು ಎಂದರೆ ಸುಮ್ಮನೆ ಮಲಗಿಸುವುದಲ್ಲ. ಐ.ಸಿ.ಯು.ನಲ್ಲಿ ನಾಡಿ, ಒತ್ತಡ, ಕೆಲವು ತಾಸಿಗೊಮ್ಮೆ ಹಿಮೋಗ್ಲೋಬಿನ್, ಪದೇ ಪದೇ ಹೊಟ್ಟೆ ಮುಟ್ಟಿ ನೋಡುವುದು, ಯಾವ ಗಳಿಗೆಯಲ್ಲೂ ಥಿಯೇಟರ್ ತೆರೆಯುವ ಸಿದ್ಧತೆ. ಮನೆಗೆ ಹೋದ ಮೇಲೂ ಎರಡು ಮೂರು ತಿಂಗಳು ಮರ, ಹೊರೆ, ಬೈಕ್ ಇಲ್ಲ.

ಒಂದು ಕಾಲಕ್ಕೆ ಒಡೆದ ಗುಲ್ಮಕ್ಕೆ ತೆಗೆಯುವುದೊಂದೇ ಮದ್ದು ಎಂಬ ನಂಬಿಕೆ ಇತ್ತು. ಗುಲ್ಮ ಇಲ್ಲದಿದ್ದರೂ ಬದುಕಬಹುದು, ಅದರ ಕೆಲಸವೇನೂ ದೊಡ್ಡದಲ್ಲ ಎಂದುಕೊಂಡಿದ್ದರು. 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮೇಕರ್ ಎಂಬ ವೈದ್ಯರು ಗುಲ್ಮ ತೆಗೆಸಿಕೊಂಡ ಐದು ಶಿಶುಗಳಲ್ಲಿ ತೀವ್ರ ಸೋಂಕು ಕಂಡದ್ದನ್ನು ವರದಿ ಮಾಡಿದರು. ನಂಬಿಕೆ ಅಲ್ಲಿಂದ ಅಲುಗಿತು. 1968ರಲ್ಲಿ ಟೊರೊಂಟೊದ ಮಕ್ಕಳ ಆಸ್ಪತ್ರೆಯಿಂದ ಬಂದ ಒಂದು ಲೇಖನ ಮಕ್ಕಳ ಒಡೆದ ಗುಲ್ಮವನ್ನು ಆಪರೇಷನ್ ಇಲ್ಲದೆ ಮಾಯಿಸಬಹುದು ಎಂದು ತೋರಿಸಿತು. ಅದನ್ನು ಬರೆದ ಇಬ್ಬರಲ್ಲಿ ಒಬ್ಬರು ಭಾರತೀಯರು, ಡಾ. ಉಪಾಧ್ಯಾಯ, ಮುಂದೆ ದೆಹಲಿಯ ಏಮ್ಸ್‌ನಲ್ಲಿ ಮಕ್ಕಳ ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾದವರು. ಇವತ್ತು ಮಕ್ಕಳಿಗಷ್ಟೇ ಅಲ್ಲ, ದೊಡ್ಡವರಿಗೂ ಉಳಿಸುವುದೇ ಮೊದಲ ಯೋಚನೆ.

ಇವರ ಗುಲ್ಮವೂ ಬಹುಶಃ ಉಳಿಯುತ್ತಿತ್ತು. ಆರು ದಿನದಲ್ಲಿ ಕಳೆದುಕೊಂಡದ್ದು ಅದನ್ನು.

ಗುಲ್ಮ ಇಲ್ಲದ ಮನುಷ್ಯನ ಜ್ವರ

ಗುಲ್ಮ ತೆಗೆದವರನ್ನು ಮನೆಗೆ ಕಳಿಸುವಾಗ ಹೊಲಿಗೆ ಬಿಚ್ಚಿದ್ದರ ಬಗ್ಗೆ ಮಾತಾಡುವಷ್ಟು ನಾವು ಜ್ವರದ ಬಗ್ಗೆ ಮಾತಾಡುವುದಿಲ್ಲ. ನ್ಯುಮೋಕಾಕಸ್, ಮೆನಿಂಗೋಕಾಕಸ್, ಹೀಮೋಫಿಲಸ್ ಬ್ಯಾಕ್ಟೀರಿಯಾಗಳ ಮೈಮೇಲೆ ಒಂದು ಜಾರು ಕವಚ ಇರುತ್ತದೆ. ಅವನ್ನು ರಕ್ತದಿಂದ ಹಿಡಿದು ತೆಗೆಯುವ ಕೆಲಸದಲ್ಲಿ ಗುಲ್ಮಕ್ಕೆ ಸಮನಾದ ಅಂಗ ಇನ್ನೊಂದಿಲ್ಲ. ಅದು ಇಲ್ಲದವರಿಗೆ ಬೆಳಿಗ್ಗೆ ಚಳಿ, ಮೈಕೈ ನೋವು, ಮಾಮೂಲಿ ಜ್ವರದ ಹಾಗೆ ಶುರುವಾದದ್ದು ರಾತ್ರಿಯೊಳಗೆ ಪ್ರಾಣಕ್ಕೆ ಬರಬಹುದು. ಅಪರೂಪ ನಿಜ, ಆದರೆ ಬಂದರೆ ಅರ್ಧದಷ್ಟು ಜನ ಉಳಿಯದಿರಬಹುದು. ಮೊದಲ ಎರಡು ಮೂರು ವರ್ಷ ಅಪಾಯ ಹೆಚ್ಚು, ಪೂರ್ತಿ ಹೋಗುವುದು ಎಂದೂ ಇಲ್ಲ.

ಅದಕ್ಕೇ ಲಸಿಕೆ. ತುರ್ತಾಗಿ ಗುಲ್ಮ ತೆಗೆದವರಿಗೆ ಎರಡು ವಾರ ಕಳೆದ ಮೇಲೆ ಕೊಟ್ಟರೆ ದೇಹ ಚೆನ್ನಾಗಿ ಸ್ಪಂದಿಸುತ್ತದೆ. ರೋಗಿ ಮತ್ತೆ ಬರುವ ಭರವಸೆ ಇಲ್ಲದಿದ್ದರೆ ಮನೆಗೆ ಕಳಿಸುವ ಮುನ್ನವೇ ಕೊಡುವುದು ಒಳ್ಳೆಯದು. ಇವರು ಹದಿನೈದನೇ ದಿನ ಹೊಲಿಗೆಯ ಗಾಯ ತೋರಿಸಲು ಬಂದಾಗ ನ್ಯುಮೋಕಾಕಸ್‌ನ ಮೊದಲ ಲಸಿಕೆ, ಮೆನಿಂಗೋಕಾಕಸ್‌ನದು, ಹಿಬ್ (ಹೀಮೋಫಿಲಸ್‌ನದು) ಕೊಟ್ಟೆವು. ಎಂಟು ವಾರ ಬಿಟ್ಟು ನ್ಯುಮೋಕಾಕಸ್‌ನ 23 ತಳಿಗಳ ಇನ್ನೊಂದು ಲಸಿಕೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ. ಲಸಿಕೆಯ ದುಡ್ಡನ್ನು ತೋಟದ ಯಜಮಾನರು ಕೊಟ್ಟರು.

ಲಸಿಕೆ ಎಲ್ಲ ತಳಿಯನ್ನೂ ತಡೆಯುವುದಿಲ್ಲ. ಆದ್ದರಿಂದ ಒಂದು ಕಾರ್ಡ್ ಬರೆದುಕೊಟ್ಟೆ. ಕನ್ನಡದಲ್ಲೇ, ದೊಡ್ಡ ಅಕ್ಷರದಲ್ಲಿ: ಈ ವ್ಯಕ್ತಿಗೆ ಗುಲ್ಮ ಇಲ್ಲ. ಜ್ವರ ಬಂದರೆ ಆ್ಯಂಟಿಬಯಾಟಿಕ್ ತಡಮಾಡಬೇಡಿ. ಮನೆಯಲ್ಲಿ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಮಾತ್ರೆ ಸದಾ ಇರಬೇಕು. ಚಳಿಜ್ವರ ಬಂದರೆ ಮೊದಲ ಮಾತ್ರೆ ನುಂಗಿ ಆಸ್ಪತ್ರೆಗೆ ಹೊರಡಬೇಕು, ಮಾತ್ರೆ ತಗೊಂಡೆ ಎಂದು ಮನೆಯಲ್ಲಿ ಮಲಗಬಾರದು. ನಾಯಿ ಕಚ್ಚಿದರೆ ರೇಬಿಸ್ ಲಸಿಕೆ ಸಾಲದು, ಆ್ಯಂಟಿಬಯಾಟಿಕ್ಕೂ ಬೇಕು. ನಾಯಿಯ ಬಾಯಲ್ಲಿರುವ ಒಂದು ಬ್ಯಾಕ್ಟೀರಿಯಾ ಗುಲ್ಮ ಇಲ್ಲದವರ ರಕ್ತಕ್ಕೆ ಸೇರಿದರೆ ಬಹಳ ಕೆಟ್ಟದ್ದು. ಮಲೇರಿಯಾ ಇರುವ ಊರಿಗೆ ಹೋಗುವ ಮುಂಚೆ ಕೇಳಿ ಹೋಗಬೇಕು.

ಮುಂದಿನ ಚೈತ್ರದಲ್ಲಿ ಒಂದು ರಾತ್ರಿ ಹನ್ನೊಂದಕ್ಕೆ ಬಂದರು. ಸಂಜೆಯಿಂದ ಚಳಿ, 102 ಡಿಗ್ರಿ. ನಮ್ಮ ಕಡೆ ಆ ತಿಂಗಳಲ್ಲಿ ಜ್ವರ ಎಂದರೆ ಎಲ್ಲರ ಬಾಯಲ್ಲೂ ಮಂಗನ ಕಾಯಿಲೆ. ದಾರಿಯಲ್ಲಿ ಸಿಕ್ಕವರು "ಒಂದೆರಡು ದಿನ ನೋಡಿ" ಎಂದರಂತೆ. ಹೆಂಡತಿ ನೋಡಲಿಲ್ಲ. ಎಂಟು ಗಂಟೆಗೆ ಮಾತ್ರೆ ನುಂಗಿಸಿ, ಬಾಡಿಗೆ ಜೀಪು ಮಾಡಿಸಿ ಕರೆತಂದರು. ಕ್ಯಾಶುವಾಲಿಟಿಯಲ್ಲಿದ್ದ ಹೊಸ ಡ್ಯೂಟಿ ಡಾಕ್ಟರ ಮುಂದೆ ಮಾತಾಡುವ ಮೊದಲು ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಹೊದೆಸಿದ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟರು.

ಬ್ಯಾಕ್ಟೀರಿಯಾ ಇದೆಯೇ ನೋಡುವ ಕಲ್ಚರ್ ಪರೀಕ್ಷೆಗೆ ರಕ್ತ ತೆಗೆದು, ಅರ್ಧ ತಾಸಿನೊಳಗೆ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯಾಟಿಕ್ ಕೊಟ್ಟರು. ನಾನು ಬರುವ ಹೊತ್ತಿಗೆ ಜ್ವರ ಇಳಿಯುತ್ತಿತ್ತು, ಒತ್ತಡ ಸರಿಯಿತ್ತು. ಮಲೇರಿಯಾ ನೋಡಲು ರಕ್ತದ ಲೇಪ ಮಾಡಿದ್ದ ಲ್ಯಾಬಿನ ಹುಡುಗ ಓಡಿಬಂದ. "ಸಾರ್, ಕೆಂಪುಕಣದೊಳಗೆ ಏನೋ ಚುಕ್ಕೆ ಇದೆ, ಪ್ಯಾರಸೈಟ್ ಥರ ಕಾಣಲ್ಲ, ಒಮ್ಮೆ ನೋಡಿ." ಹೋಗಿ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟೆ. ಅಲ್ಲೊಂದು ಇಲ್ಲೊಂದು ಕೆಂಪುಕಣದೊಳಗೆ ದುಂಡಗೆ, ಸಾಸಿವೆಯಂಥ ಒಂದೊಂದು ಕಪ್ಪು ಚುಕ್ಕೆ. ಕಣ ಹುಟ್ಟುವಾಗ ಉಳಿದುಹೋದ ಕೋಶಕೇಂದ್ರದ ಚೂರು ಅದು. ಹೋವೆಲ್–ಜಾಲಿ ಕಾಯ ಎನ್ನುತ್ತಾರೆ. ನಮ್ಮೆಲ್ಲರ ರಕ್ತದಲ್ಲೂ ಹುಟ್ಟುತ್ತದೆ. ಕಣ ಗುಲ್ಮದ ಸಂದಿಯಲ್ಲಿ ನುಸುಳಿ ಹೊರಬರುವಾಗ ಆ ಚೂರನ್ನು ಗುಲ್ಮ ಕಿತ್ತು ತೆಗೆಯುತ್ತದೆ, ಹಾಗಾಗಿ ಕಾಣಿಸುವುದಿಲ್ಲ.

ಹುಡುಗನಿಗೆ ಅದನ್ನೇ ಹೇಳಿದೆ. ಅವನು ಮತ್ತೆ ಕಣ್ಣಿಟ್ಟು, ಗಾಜನ್ನು ಮೆಲ್ಲಗೆ ಸರಿಸುತ್ತ ಬಹಳ ಹೊತ್ತು ನೋಡುತ್ತಲೇ ಇದ್ದ.